ಕಾರಕೂನನ ಕಾರುಬಾರು

‘ಸಸ್ಪೆನ್ಶನ್’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮಂಥ ಕೇಂದ್ರ ಸರಕಾರದ ನೌಕರರ ಎದೆ ಧಸಕ್ಕೆನ್ನುತ್ತದೆ. 1965ರ ಸಿ.ಸಿ.ಎಸ್. (ಸಿ.ಸಿ.ಎ.) ನಿಯಮಾವಳಿಯ ಹತ್ತನೆಯ ನಿಯಮವು ನಮ್ಮಲ್ಲಿ ಅನೇಕರಿಗೆ ಹದಿನೈದರ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿದೆ. ಆದ್ದರಿಂದ 2023ರ ಎಪ್ರಿಲ್ ತಿಂಗಳಲ್ಲಿ ಅಮೇರಿಕದಿಂದ ನನ್ನ ಕಾಕಾನ ಕಿರಿಯ ಮಗ ಫೋನು ಮಾಡಿ, “ಅಣ್ಣಾ, ಈ ಸಸ್ಪೆನ್ಶನ್ ವಿಷಯ ನೀನ ಬಂದು ಬಗಿಹರಿಸಬೇಕು” ಎಂದಾಗ, ಪಾಪ ಹುಡುಗನ ನೌಕರಿಗೆ ಏನೋ ಸಂಚಕಾರ ಬಂತು ಎಂದೇ ತಿಳಿದೆ. ಅಮಾನತಿನಲ್ಲಿದ್ದಾಗ ಜೀವನಾಂಶ ಎಷ್ಟು ಸಿಗುತ್ತದೆ ಎಂಬುದನ್ನು ಹೇಳಲು ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವನು, “ಅಪ್ಪನ ಕಾರಿಂದು” ಎಂದ.

ಕಾರಿನ ಸಸ್ಪೆನ್ಶನ್ ಎಂದರೆ ಗಾಲಿಗೂ ಗಾಡಿಯ ಮೈಗೂ ನಡುವೆ ಇರುವ ಸ್ಪ್ರಿಂಗು, ತೋಳು, ಡ್ಯಾಂಪರು, ರಬ್ಬರಿನ ಬುಶ್ಶು ಇವುಗಳ ಸಂಸಾರ. ರಸ್ತೆಯ ಏರುಪೇರನ್ನು ಗಾಲಿ ಅನುಭವಿಸಬೇಕು, ಒಳಗೆ ಕೂತವರು ಅನುಭವಿಸಬಾರದು. ಅದೇ ಕಾಲಕ್ಕೆ ಗಾಲಿ ರಸ್ತೆಯನ್ನು ಬಿಡಲೂ ಬಾರದು. ಕೆಳಗಿನ ಹೊಡೆತವನ್ನು ಮೇಲಿನವರಿಗೆ ಮುಟ್ಟಗೊಡದಿರುವುದು ಇದರ ಕೆಲಸ. ಕಾರಕೂನನಿಗೆ ಇದು ತೀರ ಅಪರಿಚಿತವಾದ ಕೆಲಸವೇನಲ್ಲ.

ಆದರೂ ಮುಂಬಯಿಯ ಸರಕಾರಿ ವಸತಿಯಲ್ಲಿ ಒಂದು ಸ್ಕೂಟರಿನ ಹೊರತು ಬೇರೆ ವಾಹನ ಕಾಣದ ನನ್ನನ್ನು ಈ ವಿಷಯಕ್ಕೆ ಯಾಕೆ ಕರೆದರು ಎಂಬುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು.

ನನ್ನ ತಂದೆಯ ತಮ್ಮ, ನಮ್ಮ ಕಾಕಾ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ 1969ರಲ್ಲಿ ಡೆಟ್ರಾಯಿಟ್‌ನ ವೇನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದವರು. 1965ರಲ್ಲಿ ಅಮೇರಿಕದ ವಲಸೆ ಕಾಯಿದೆ ಬದಲಾದ ಮೇಲೆ ನಮ್ಮ ಕಡೆಯಿಂದ ಅತ್ತ ಹೊರಟ ಮೊದಲಿನ ತಂಡದಲ್ಲಿ ಅವರೊಬ್ಬರು. ಎಂ.ಎಸ್. ಮುಗಿಸಿ ಮೋಟಾರಿನ ಬಿಡಿಭಾಗ ಮಾಡುವ ಕಾರಖಾನೆಯೊಂದರಲ್ಲಿ ನೌಕರಿ ಹಿಡಿದರು. 1972ರಲ್ಲಿ ಆರು ವರ್ಷ ಹಳೆಯ ಒಂದು ನೀಲಿ ಫೋರ್ಡ್ ಮಸ್ಟ್ಯಾಂಗ್ ಕೊಂಡರು. ಆ ಕಾರಿಗೆ ಒರಗಿ ನಿಂತ ಅವರ ಫೋಟೋ ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜನ ಫೋಟೋದ ಪಕ್ಕದಲ್ಲಿತ್ತು. ಬಂದವರಿಗೆಲ್ಲ ಅಜ್ಜಿ ಮೊದಲು ಕಾರನ್ನು ತೋರಿಸಿ ಆಮೇಲೆ ಮಗನನ್ನು ತೋರಿಸುತ್ತಿದ್ದಳು.

1973ರಲ್ಲಿ ಮದುವೆಯಾಗಿ ಹೋದ ಕಾಕುವನ್ನು ಕಾಕಾ ವಿಮಾನ ನಿಲ್ದಾಣದಿಂದ ಮನೆಗೆ ಕರೆದೊಯ್ದದ್ದು ಆ ಕಾರಿನಲ್ಲಿಯೇ. ಇಬ್ಬರು ಗಂಡುಮಕ್ಕಳು ಬೆಳೆದು ದೊಡ್ಡ ಕಾರು ಬಂದ ಮೇಲೆ ಮಸ್ಟ್ಯಾಂಗ್ ಗ್ಯಾರೇಜು ಸೇರಿತು, ಮಾರಾಟವಾಗಲಿಲ್ಲ. ರವಿವಾರಕ್ಕೊಮ್ಮೆ ಅದಕ್ಕೆ ಅಭ್ಯಂಗ, ವರ್ಷಕ್ಕೊಮ್ಮೆ ಆಗಸ್ಟ್ ತಿಂಗಳಲ್ಲಿ ಜಾತ್ರೆ. ಜಾತ್ರೆ ಎಂದದ್ದು ವಿನೋದಕ್ಕಲ್ಲ. 1995ರಿಂದ ಡೆಟ್ರಾಯಿಟ್‌ನ ಉಪನಗರಗಳಲ್ಲಿ ಹಾಯ್ದುಹೋಗುವ ವುಡ್‌ವರ್ಡ್ ಎಂಬ ಹೆದ್ದಾರಿಯಲ್ಲಿ ಆಗಸ್ಟಿನ ಮೂರನೆಯ ಶನಿವಾರ ಹಳೆಯ ಕಾರುಗಳ ಮೆರವಣಿಗೆ ಸೇರುತ್ತದೆ. ಸಾವಿರಾರು ಕಾರುಗಳು ಇಡೀ ದಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮ್ಮನೆ ಹೋಗುತ್ತವೆ, ಬರುತ್ತವೆ. ಜನ ಮಡಿಚುವ ಕುರ್ಚಿ ಹಾಕಿಕೊಂಡು ರಸ್ತೆಯ ಇಬ್ಬದಿಗೆ ಕೂತು ನೋಡುತ್ತಾರೆ. ಕಾಕಾ ಕಾಕು ಅದನ್ನು ತಪ್ಪಿಸಿದವರಲ್ಲ.

2021ರಲ್ಲಿ ಕಾಕಾ ತೀರಿಕೊಂಡರು. ಮರುವರ್ಷ ಚಳಿಗಾಲದಲ್ಲಿ ಹಿಮದ ಮೇಲೆ ಜಾರಿ ಬಿದ್ದು ಕಾಕುವಿನ ಬೆನ್ನೆಲುಬಿಗೆ ಬಿರುಕು ಬಂತು. ಅದು ಕೂಡಿಕೊಂಡರೂ, ಹೆಚ್ಚಿನ ಕುಲುಕಾಟ ಕೂಡದು ಎಂದು ವೈದ್ಯರು ಹೇಳಿದರು. ಆಕೆಗಿದ್ದದ್ದು ಒಂದೇ ಆಸೆ: ಇನ್ನೊಮ್ಮೆ ಆ ಕಾರಿನಲ್ಲಿ ಕೂತು ವುಡ್‌ವರ್ಡಿಗೆ ಹೋಗಿಬರಬೇಕು. ಆದರೆ ಕಾರು ಹೋಗುವ ಸ್ಥಿತಿಯಲ್ಲಿರಲಿಲ್ಲ. ಎಂಜಿನ್ ಗಟ್ಟಿಯಾಗಿತ್ತು. ನೇರ ರಸ್ತೆಯಲ್ಲಿಯೂ ಅದು ಕುಡಿದವರ ಹಾಗೆ ಆಚೀಚೆ ವಾಲಾಡುತ್ತಿತ್ತು, ಬ್ರೇಕು ಒತ್ತಿದರೆ ಒಂದು ಕಡೆಗೆ ಎಳೆಯುತ್ತಿತ್ತು, ತಗ್ಗು ಬಂದರೆ ಕಿರುಗುಟ್ಟಿ ಧಡ್ ಎನ್ನುತ್ತಿತ್ತು.

ಇಲ್ಲಿ ಅಣ್ಣ ತಮ್ಮಂದಿರ ವ್ಯಾಜ್ಯ ಹುಟ್ಟಿತು. ಹಿರಿಯವ ಕ್ಯಾಲಿಫೋರ್ನಿಯದಲ್ಲಿರುತ್ತಾನೆ. ಅವನ ವಾದ: ಮುಂಭಾಗದ ಹಳೆಯ ಸಸ್ಪೆನ್ಶನ್ ಪೂರ್ತಿ ಕತ್ತರಿಸಿ ತೆಗೆದು ಹೊಸ ಮಾದರಿಯದನ್ನು ಕೂಡಿಸಬೇಕು, ಕಾರು ಇಂದಿನ ಕಾರಿನಂತೆ ತಿರುಗಬೇಕು, ಅಮ್ಮನ ಪ್ರಾಣದೊಂದಿಗೆ ಆಟ ಬೇಡ. ಕಿರಿಯವ ತಾಯಿಯ ಜೊತೆಗಿರುತ್ತಾನೆ. ಅವನ ವಾದ: ಅಪ್ಪ ಐವತ್ತು ವರ್ಷ ಹೇಗೆ ಇಟ್ಟಿದ್ದರೋ ಹಾಗೆ ಇರಬೇಕು, ಒಂದು ಬೋಲ್ಟು ಸಹ ಬದಲಾಗಬಾರದು. ಮಾತಿಗೆ ಮಾತು ಬೆಳೆದು, ಹಾಗಾದರೆ ಮಾರಿಬಿಡಿ ಎಂದು ಹಿರಿಯವ ಅಂದ. ಅಲ್ಲಿಗೆ ಆರು ತಿಂಗಳು ಫೋನು ಬಂದಾಯಿತು. ಕಾರಿನ ಕಾಗದಪತ್ರ ಕಾಕುವಿನ ಹೆಸರಿನಲ್ಲಿದ್ದವು. ಆದರೆ ಮಕ್ಕಳಿಬ್ಬರಲ್ಲಿ ಒಬ್ಬನ ಪಕ್ಷ ಹಿಡಿಯಲು ಆಕೆ ಒಪ್ಪಲಿಲ್ಲ. “ನಮ್ಮ ಭಾವನವರ ಮಗನ್ನ ಕರಸ್ರಿ. ಅಂವಾ ಬಿ.ಎಸ್ಸಿ. ಓದ್ಯಾನ, ಮ್ಯಾಲ ಸರಕಾರಿ ಮನಷ್ಯಾ. ಎರಡೂ ಕಡೆ ಕೇಳಿ ಬರಕೊಳ್ತಾನ” ಎಂದು ಅಪ್ಪಣೆ ಮಾಡಿದಳು. ಟಿಕೇಟಿನ ಹಣ ಅಣ್ಣ ತಮ್ಮ ಅರ್ಧರ್ಧ ಕಳಿಸಿದರು. ಆ ಆರು ತಿಂಗಳಲ್ಲಿ ಅವರು ಕೂಡಿ ಮಾಡಿದ ಕೆಲಸ ಅದೊಂದೇ.

ಖಾಸಗಿ ವಿದೇಶ ಪ್ರವಾಸಕ್ಕೆ ಕಚೇರಿಯ ಅನುಮತಿ, ಗಳಿಕೆ ರಜೆ, ವೀಸಾ ಇವುಗಳ ಪುರಾಣವನ್ನು ಇಲ್ಲಿ ಹೇಳುವುದಿಲ್ಲ. ವಾಚಕರಲ್ಲಿ ಬಹಳಷ್ಟು ಜನ ಅದನ್ನು ಅನುಭವಿಸಿದವರೇ. ಜುಲೈ ಕೊನೆಯಲ್ಲಿ ನಾನು ಡೆಟ್ರಾಯಿಟ್ ಮುಟ್ಟಿದೆ. ಕಾಕು ಬಾಗಿಲಲ್ಲಿಯೇ ಕೈಹಿಡಿದು, “ಬಂದ್ಯಾ? ಛಲೋ ಆತು ನೋಡಪಾ. ಮೊದಲ ಊಟಾ ಮಾಡು, ಆಮ್ಯಾಲ ಗಾಡಿ ನೋಡೀಯಂತ” ಎಂದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಐವತ್ತು ವರ್ಷ ಆ ದೇಶದಲ್ಲಿದ್ದರೂ ಆಕೆಯ ಮಾತಿಗೂ ಅಡಿಗೆಗೂ ಹಿಮ ತಾಗಿರಲಿಲ್ಲ.

ಗ್ಯಾರೇಜಿನಲ್ಲಿ ನಾನು ಮೊದಲು ಮಾಡಿದ್ದು ಕಾರಕೂನ ಮಾಡಬೇಕಾದ ಕೆಲಸ: ಕಾರಿನ ನಂಬರು ಬರೆದುಕೊಂಡೆ. ರಸ್ತೆಯ ನಂಬರಲ್ಲ, ಕಾರಖಾನೆಯಲ್ಲಿ ತಗಡಿನ ಮೇಲೆ ಒತ್ತಿದ ನಂಬರು. ಅದು ‘6ಎಫ್07ಸಿ’ ಎಂದು ಆರಂಭವಾಗುತ್ತದೆ. ನಮ್ಮ ಕಡತದ ಸಂಖ್ಯೆಯ ಹಾಗೆ ಇದರಲ್ಲಿಯೂ ಪ್ರತಿ ಅಕ್ಷರಕ್ಕೆ ಅರ್ಥವಿದೆ. 6 ಎಂದರೆ 1966ರ ಮಾದರಿ. ಎಫ್ ಎಂದರೆ ಡಿಯರ್‌ಬೋರ್ನ್ ಕಾರಖಾನೆ, ಅಂದರೆ ಕಾಕಾನ ಮನೆಯಿಂದ ಅರ್ಧ ತಾಸಿನ ಹಾದಿ. 07 ಎಂದರೆ ಗಟ್ಟಿ ಛಾವಣಿಯ ಮೈ. ಸಿ ಎಂದರೆ 289 ಘನ ಇಂಚಿನ, ನಮ್ಮ ಲೆಕ್ಕದಲ್ಲಿ 4.7 ಲೀಟರಿನ, ಎಂಟು ಸಿಲಿಂಡರಿನ 200 ಅಶ್ವಶಕ್ತಿಯ ಎಂಜಿನ್. ನಮ್ಮ ಪ್ರೀಮಿಯರ್ ಪದ್ಮಿನಿಯ ಎಂಜಿನ್ 1.1 ಲೀಟರಿನದು ಎಂದರೆ ಅಂತರ ತಿಳಿದೀತು.

ಇಂಥ ಕಾರುಗಳಿಗೆ ಅಮೇರಿಕದಲ್ಲಿ ‘ಮಸಲ್ ಕಾರು’ ಎನ್ನುತ್ತಾರೆ. ತೋಳ್ಬಲದ ಕಾರು ಎನ್ನೋಣ. 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂಡಿಸಿ ‘ಜಿ.ಟಿ.ಒ.’ ಎಂದು ಮಾರಿದ್ದರಿಂದ ಈ ಜಾತಿ ಆರಂಭವಾಯಿತೆಂದು ಲೆಕ್ಕ. ಅದೇ ವರ್ಷ ಎಪ್ರಿಲ್ 17ರಂದು ಮಸ್ಟ್ಯಾಂಗ್ ಬಂತು. ಫಾಲ್ಕನ್ ಎಂಬ ಸಾಧಾರಣ ಸಂಸಾರಿ ಕಾರಿನ ಅಡಿಪಾಯದ ಮೇಲೆ ಚೆಂದದ ಮೈ ಕಟ್ಟಿ ಅಗ್ಗವಾಗಿ ಮಾರಿದರು. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರುಗಳು ಹೊರಬಿದ್ದವು. ಕಟ್ಟಾ ಅಭಿಮಾನಿಗಳು ಮಸ್ಟ್ಯಾಂಗಿಗೆ ‘ಕುದುರೆಮರಿ ಕಾರು’ ಎಂದು ಬೇರೆ ಪಂಕ್ತಿ ಹಾಕುತ್ತಾರೆ. ಪಂಕ್ತಿಭೇದ ನಮಗೇಕೆ? ಎರಡಕ್ಕೂ ಸಾಮಾನ್ಯವಾದ ಸಂಗತಿ ಎಂದರೆ ಇವು ನೇರ ರಸ್ತೆಯ ಓಟಕ್ಕೆ ಹುಟ್ಟಿದವು. ಕಾಲು ಮೈಲಿಯನ್ನು ಎಷ್ಟು ಸೆಕೆಂಡಿನಲ್ಲಿ ದಾಟಿತು ಎಂಬುದೇ ಪ್ರತಿಷ್ಠೆ. ತಿರುವಿನ ಚಿಂತೆಯನ್ನು ಆಮೇಲಿನವರಿಗೆ ಬಿಟ್ಟರು. ಹೊಗೆಯ ಕಾಯಿದೆ, ವಿಮೆಯ ದರ, 1973ರ ತೈಲ ಸಂಕಟ ಇವು ಕೂಡಿ ಆ ಕಾಲವನ್ನು ಮುಗಿಸಿದವು. ಉಳಿದ ಕಾರುಗಳ ಮಾಲಕರು ಅಂದಿನಿಂದ ಇಂದಿನವರೆಗೆ ಬಗೆಹರಿಸುತ್ತಿರುವ ಪ್ರಶ್ನೆಯೇ ನಮ್ಮ ಮನೆಯ ಪ್ರಶ್ನೆ: ಇದರ ಸಸ್ಪೆನ್ಶನ್ ಏನು ಮಾಡಬೇಕು?

ಕಾರಿನ ಕೆಳಗೆ ಬ್ಯಾಟರಿ ಹಿಡಿದು ನೋಡಿದಾಗ ನನಗೆ ಆಶ್ಚರ್ಯವಾಯಿತು. ಮುಂದೆ ಸುರುಳಿ ಸ್ಪ್ರಿಂಗು, ಗಾಲಿಗೆ ಮೇಲೊಂದು ಕೆಳಗೊಂದು ತೋಳು. ಹಿಂದೆ ಇಡಿಯ ಅಚ್ಚು, ಅದರ ಕೆಳಗೆ ಎತ್ತಿನ ಗಾಡಿಯವರಿಗೂ ಗೊತ್ತಿರುವ ಪಟ್ಟಿ ಸ್ಪ್ರಿಂಗು. ಸ್ಥೂಲವಾಗಿ ನಮ್ಮ ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಯ ವ್ಯವಸ್ಥೆಯೇ! ಆ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಇಳಿಯಿತು. ಅವುಗಳ ಹಿಂದಿನ ಸೀಟಿನಲ್ಲಿ ಕೂತು ಮಳೆಗಾಲದ ತಗ್ಗುಗಳನ್ನು ಎಣಿಸಿದವರಿಗೆ ಪಟ್ಟಿ ಸ್ಪ್ರಿಂಗಿನ ಗುಣದೋಷವನ್ನು ಬೇರೆ ಹೇಳಬೇಕಿಲ್ಲ.

ಇಷ್ಟಾದ ಮೇಲೆ ಧಾರವಾಡದ ಕರ್ನಾಟಕ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆ ನೆನಪಾಯಿತು. ಸ್ಪ್ರಿಂಗಿಗೆ ತೂಕ ಕಟ್ಟಿ ಎಳೆದು ಬಿಟ್ಟು, ಇಪ್ಪತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುವ ಪ್ರಯೋಗ. ಕಾರು ಎಂದರೆ ನಾಲ್ಕು ಸ್ಪ್ರಿಂಗಿನ ಮೇಲೆ ಕೂತ ತೂಕ. ಸುಖವಾದ ಕಾರಿನ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಏರಿಳಿಯುತ್ತದೆ. ಸ್ಪ್ರಿಂಗು ಬಿಗಿ ಮಾಡಿದಷ್ಟೂ ಈ ಸಂಖ್ಯೆ ಏರುತ್ತದೆ, ಆದರೆ ವರ್ಗಮೂಲದಂತೆ. ಸ್ಪ್ರಿಂಗು ನಾಲ್ಕು ಪಟ್ಟು ಬಿಗಿಯಾದರೆ ಸಂಖ್ಯೆ ಎರಡು ಪಟ್ಟಾಗುತ್ತದೆ. ಇದಕ್ಕೂ ಕಾಕುವಿನ ಬೆನ್ನಿಗೂ ಏನು ಸಂಬಂಧ? ಕೂತ ಮನುಷ್ಯನ ಶರೀರ ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು ಸಲದ ಮೇಲುಕೆಳಗಿನ ಅದುರನ್ನು ಎಲ್ಲಕ್ಕಿಂತ ಹೆಚ್ಚಾಗಿ ಅನುಭವಿಸುತ್ತದೆ. ಆದ್ದರಿಂದ ಕಾರನ್ನು ಎಷ್ಟು ಬಿಗಿ ಮಾಡುತ್ತೇವೋ ಅಷ್ಟು ಬೆನ್ನೆಲುಬಿನ ಹತ್ತಿರ ಒಯ್ಯುತ್ತೇವೆ. ಬಿಗಿ ಸ್ಪ್ರಿಂಗು ಹಾಕಿ ಮೈ ಇಳಿಸಿದ ಕಾರುಗಳು ನೋಡಲು ಚೆಂದ. ಇಪ್ಪತ್ತೈದು ವರ್ಷದವರಿಗೆ ಸರಿ, ಎಪ್ಪತ್ತೆರಡು ವರ್ಷದ ಕಾಕುವಿಗಲ್ಲ.

ಇನ್ನು ‘ಶಾಕ್ ಅಬ್ಸಾರ್ಬರ್’. ಈ ಹೆಸರೇ ದಾರಿ ತಪ್ಪಿಸುತ್ತದೆ. ಹೊಡೆತವನ್ನು ನುಂಗುವುದು ಸ್ಪ್ರಿಂಗು. ನುಂಗಿದ ಮೇಲೆ ಅದು ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಎಣ್ಣೆಯ ಘರ್ಷಣೆಯಿಂದ ಶಾಖವಾಗಿ ಮಾಡಿ ಅಡಗಿಸುವುದು ಈ ಉಪಕರಣದ ಕೆಲಸ. ಹಾಗೆಂದೇ ತಿಳಿದವರು ಅದಕ್ಕೆ ‘ಡ್ಯಾಂಪರ್’ ಎನ್ನುತ್ತಾರೆ. ಮೂರನೆಯದು ಅಡ್ಡಸರಳು. ಎಡ ಬಲ ಗಾಲಿಗಳನ್ನು ಕೂಡಿಸುವ ಉಕ್ಕಿನ ಸರಳು ಇದು. ಎರಡೂ ಗಾಲಿ ಒಟ್ಟಿಗೆ ಏರಿದರೆ ಸುಮ್ಮನಿರುತ್ತದೆ. ತಿರುವಿನಲ್ಲಿ ಒಂದು ಏರಿ ಇನ್ನೊಂದು ಇಳಿದರೆ ತಿರುಚಿಕೊಂಡು ಕಾರು ವಾಲುವುದನ್ನು ತಡೆಯುತ್ತದೆ. ಇದರ ಬಿಗುವು ವ್ಯಾಸದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ. ಮುಕ್ಕಾಲು ಇಂಚಿನ ಸರಳಿನ ಜಾಗದಲ್ಲಿ ಒಂದು ಇಂಚಿನದು ಹಾಕಿದರೆ ಮೂರು ಪಟ್ಟಿಗಿಂತ ಹೆಚ್ಚು ಬಿಗಿ. ಕಾಲು ಇಂಚಿನ ಈ ಪ್ರತಾಪವನ್ನು ಕಾಗದದ ಮೇಲೆ ಮಾಡಿ ತೋರಿಸಿದಾಗ ಕಿರಿಯವ, “ಅಣ್ಣಾ, ನಿನ್ನ ಬಿ.ಎಸ್ಸಿ. ಉಪಯೋಗ ಆತು ನೋಡು” ಎಂದ. ಇಪ್ಪತ್ತೈದು ವರ್ಷ ಕಚೇರಿಯಲ್ಲಿ ಯಾರೂ ಆಡದ ಮಾತು.

ಎರಡು ದಿನ ಇಬ್ಬರ ವಾದವನ್ನೂ ಬೇರೆ ಬೇರೆ ಕೇಳಿದೆ. ಹಿರಿಯವನದು ಫೋನಿನಲ್ಲಿ, ಕಿರಿಯವನದು ಗ್ಯಾರೇಜಿನಲ್ಲಿ. ಮೂರನೆಯ ದಿನ ತುಲನಾತ್ಮಕ ತಖ್ತೆ ತಯಾರಿಸಿದೆ. ಟೆಂಡರು ಕರೆದಾಗ ನಾವು ಮಾಡುವುದು ಇದನ್ನೇ. ಪ್ರಸ್ತಾವಗಳು ನಾಲ್ಕು. ಒಂದು: ಇದ್ದುದನ್ನು ಇದ್ದ ಹಾಗೆ ಬಿಡುವುದು. ಎರಡು: ಎಂಜಿನ್ನಿನ ಇಬ್ಬದಿಗೆ ಸ್ಪ್ರಿಂಗನ್ನು ಹೊತ್ತು ನಿಂತಿರುವ ಉಕ್ಕಿನ ಗೋಪುರಗಳನ್ನು ಕತ್ತರಿಸಿ, ಹೊಸ ಅಡ್ಡತೊಲೆ ಬೆಸೆದು, ಸ್ಪ್ರಿಂಗು ಡ್ಯಾಂಪರು ಒಂದೇ ಆಗಿರುವ ‘ಕಾಯಿಲ್‌ಓವರ್’ ಮತ್ತು ಹೊಸ ಸ್ಟಿಯರಿಂಗ್ ಕೂಡಿಸುವುದು. ಮೂರು: ಕ್ಯಾಟಲಾಗಿನಲ್ಲಿ ಸಿಗುವ ಬಿಗಿ ಸ್ಪ್ರಿಂಗಿನ ಕಟ್ಟು ತರಿಸಿ ಕಾರನ್ನು ಇಳಿಸುವುದು. ನಾಲ್ಕು: ಮೊದಲು ಸವೆದದ್ದನ್ನೆಲ್ಲ ಬದಲಿಸುವುದು, ಆಮೇಲೆ ಬೇಡವೆನಿಸಿದರೆ ಬಿಚ್ಚಿ ತೆಗೆಯಬಹುದಾದ ಸುಧಾರಣೆಗಳನ್ನಷ್ಟೇ ಮಾಡುವುದು.

ಅಂಕಣಗಳು ಐದು: ಖರ್ಚು, ಸುರಕ್ಷತೆ, ಕಾಕುವಿನ ಬೆನ್ನು, ತಿರುವಿನಲ್ಲಿ ನಡತೆ, ಮತ್ತು ‘ಮರಳಿ ಮೊದಲಿನಂತೆ ಮಾಡಬಹುದೆ?’ ಮೊದಲನೆಯ ಪ್ರಸ್ತಾವಕ್ಕೆ ಖರ್ಚಿಲ್ಲ, ಸುರಕ್ಷತೆಯೂ ಇಲ್ಲ. ಎರಡನೆಯದು ನಡತೆಯಲ್ಲಿ ಉತ್ತಮ. ಆದರೆ ಬಂದ ದರಪಟ್ಟಿ ಬೆಸುಗೆಯ ಕೂಲಿ ಸೇರಿ ಆರು ಸಾವಿರ ಡಾಲರಿನ ಮೇಲೆ, ಮತ್ತು ಗೋಪುರ ಒಮ್ಮೆ ಕತ್ತರಿಸಿದರೆ ಕತ್ತರಿಸಿದಂತೆಯೇ. ಮೂರನೆಯದು ಕಾಕುವಿನ ಅಂಕಣದಲ್ಲಿ ನಪಾಸಾಯಿತು. ನಾಲ್ಕನೆಯದು ಒಂದು ಸಾವಿರದ ಆಸುಪಾಸು. ತಿರುವಿನ ಅಂಕಣದಲ್ಲಿ ಮಾತ್ರ ‘ಸಾಧಾರಣ’ ಎಂದು ಬರೆದಿದ್ದೆ. ಕೆಳಗೆ ‘ಅನುಮೋದನೆಗಾಗಿ ಸಾದರ’ ಎಂದು ಬರೆದು ಒಂದು ಪ್ರತಿ ಕಾಕುವಿಗೆ ಕೊಟ್ಟು, ಇನ್ನೆರಡು ಅಣ್ಣ ತಮ್ಮಂದಿರಿಗೆ ಕಳಿಸಿ, ಅಭಿಪ್ರಾಯವನ್ನು ಲಿಖಿತವಾಗಿಯೇ ಕೊಡಬೇಕೆಂದು ಸೂಚಿಸಿದೆ. ಬಾಯಿಮಾತಿನಲ್ಲಿ ಜಗಳ ಆಡುವವರು ಕಾಗದದ ಮೇಲೆ ಸಂಯಮ ಕಲಿಯುತ್ತಾರೆ. ಇದು ನನ್ನ ಸೇವಾನುಭವ.

ಹಿರಿಯವನಿಂದ ಒಂದೇ ಸಾಲಿನ ಉತ್ತರ ಬಂತು: ಮೇಲಿನ ತೋಳನ್ನು ಒಂದು ಇಂಚು ಇಳಿಸುವುದಾದರೆ ನಾಲ್ಕನೆಯದಕ್ಕೆ ನನ್ನ ಒಪ್ಪಿಗೆಯಿದೆ.

ಈ ಒಂದು ಇಂಚಿನ ಕತೆ ಬಹಳ ಸ್ವಾರಸ್ಯದ್ದು. 1965ರಲ್ಲಿ, ಅಂದರೆ ನಮ್ಮ ಹತ್ತನೆಯ ನಿಯಮ ಬಂದ ವರ್ಷವೇ, ಕ್ಯಾರಲ್ ಶೆಲ್ಬಿ ಎಂಬ ಓಟಗಾರ ಮಸ್ಟ್ಯಾಂಗನ್ನು ಪಂದ್ಯಕ್ಕೆ ಸಜ್ಜುಮಾಡಿ ‘ಜಿ.ಟಿ.350’ ಎಂದು ಹೊರತಂದ. ಅದರಲ್ಲಿ ಹಾಲೆಂಡಿನ ಕೋನಿ ಡ್ಯಾಂಪರು, ಒಂದು ಇಂಚಿನ ಅಡ್ಡಸರಳು ಇದ್ದವು. ಅವೆಲ್ಲಕ್ಕಿಂತ ಮುಖ್ಯವಾಗಿ ಮೇಲಿನ ತೋಳಿನ ಕೀಲನ್ನು ಗೋಪುರದಲ್ಲಿ ಒಂದು ಇಂಚು ಕೆಳಗೆ ಕೂಡಿಸಿದ್ದರು. ಫೋರ್ಡಿನ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಅವರ ಲೆಕ್ಕಾಚಾರ ಇದರ ಹಿಂದಿದೆ. ಆದ್ದರಿಂದ ಕೆಲವರು ‘ಆರ್ನಿಂಗ್ ಇಳಿತ’, ಬಹಳ ಜನ ‘ಶೆಲ್ಬಿ ಇಳಿತ’ ಎನ್ನುತ್ತಾರೆ. ಅದರ ತತ್ವ ಇಷ್ಟು. ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಹೊರಗಿನ ಗಾಲಿಯೂ ಅದರೊಂದಿಗೆ ಹೊರಗೆ ವಾಲಿ, ಟಯರು ತನ್ನ ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ತಪ್ಪುತ್ತದೆ. ಕೀಲನ್ನು ಇಳಿಸಿದರೆ ತೋಳು ಓರೆಯಾಗುತ್ತದೆ. ಗಾಲಿ ಮೇಲೇರಿದಂತೆ ಅದರ ತಲೆಯನ್ನು ತೋಳು ಒಳಕ್ಕೆ ಎಳೆಯುತ್ತದೆ. ಟಯರಿನ ಪೂರ್ತಿ ಅಗಲ ರಸ್ತೆಯ ಮೇಲೆಯೇ ಉಳಿಯುತ್ತದೆ. ಕಾರು ವಾಲುವುದೂ ಕಡಿಮೆಯಾಗುತ್ತದೆ. ಸ್ಪ್ರಿಂಗು ಬಿಗಿ ಮಾಡಬೇಕಾಗಿಯೇ ಇಲ್ಲ! ಖರ್ಚು ಎಂದರೆ ಒಂದು ಅಚ್ಚುತಗಡು, ಒಂದು ಡ್ರಿಲ್ಲು, ಗೋಪುರಕ್ಕೆ ಎರಡೆರಡು ತೂತು. ಹಳೆಯ ತೂತುಗಳು ಇದ್ದಲ್ಲೇ ಇರುತ್ತವೆ; ಬೇಡವಾದರೆ ತೋಳನ್ನು ಮೊದಲಿನ ಜಾಗಕ್ಕೆ ಒಯ್ಯಬಹುದು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಪ್ರಸ್ತಾವವನ್ನು ನಾನು ನನ್ನ ಸೇವೆಯಲ್ಲಿ ಕಂಡಿಲ್ಲ.

ಆದರೆ ಕಿರಿಯವ ಅಡ್ಡನಿಂತ. “ಅಪ್ಪನ ಗಾಡಿಗೆ ನಾ ತೂತು ಕೊರಿಯೂದುಲ್ಲ. ಅಪ್ಪ ಇದನ್ನ ಹೆಂಗ ತಂದ್ರೋ ಹಂಗ ಇಟ್ಟಿದ್ರು.” ಅವನ ಮಾತಿನಲ್ಲಿ ಹಟಕ್ಕಿಂತ ದುಃಖ ಹೆಚ್ಚಿತ್ತು. ಕೊನೆಯ ಎರಡು ವರ್ಷ ತಂದೆಯ ಸೇವೆ ಮಾಡಿದವ ಅವನು. ನಾನು ಒತ್ತಾಯ ಮಾಡಲಿಲ್ಲ.

ಮರುದಿನ ಪಕ್ಕದ ಮನೆಯ ಅಮೇರಿಕನ್ ಹಿರಿಯರು ಬಂದರು. ಮೋಟಾರು ಕಾರಖಾನೆಯಿಂದ ನಿವೃತ್ತರಾದವರು, ಕಾಕಾನ ಗೆಳೆಯರು. ಬಾನೆಟ್ ಎತ್ತಿ ಎರಡು ಗೋಪುರಗಳಿಂದ ಹಿಂದಿನ ಗೋಡೆಗೆ ಹೋಗುವ ದಪ್ಪ ಉಕ್ಕಿನ ಕಟ್ಟನ್ನು ಬೆರಳಿನಿಂದ ತಟ್ಟಿ, ಇದು ಈ ಕಾರಿನೊಂದಿಗೆ ಬಂದದ್ದಲ್ಲ ಎಂದರು. ವಿಷಯ ಹೀಗಿದೆ: ಸ್ವದೇಶದಲ್ಲಿ ಮಾರುವ ಮಸ್ಟ್ಯಾಂಗಿಗೆ ಅಲ್ಲಿ ಎರಡು ಬಿಡಿ ಪಟ್ಟಿಗಳಿರುತ್ತಿದ್ದವು. ಕೆಟ್ಟ ರಸ್ತೆಗಳ ಪರದೇಶಗಳಿಗೆ ಕಳಿಸುವ ಕಾರಿಗೆ ಮಾತ್ರ, ಗೋಪುರಗಳು ಒಳಕ್ಕೆ ಬಾಗದಿರಲೆಂದು, ಒಂದೇ ತುಂಡಿನ ಗಟ್ಟಿ ಕಟ್ಟು ಹಾಕುತ್ತಿದ್ದರು. ಹೆಸರೇ ‘ಎಕ್ಸ್‌ಪೋರ್ಟ್ ಬ್ರೇಸ್’. ಶೆಲ್ಬಿಯೂ ಇದನ್ನೇ ಎತ್ತಿಕೊಂಡ. ಡಿಯರ್‌ಬೋರ್ನ್‌ನಿಂದ ಡೆಟ್ರಾಯಿಟ್‌ಗೆ ಬಂದ ಈ ಕಾರಿಗೆ ಅದನ್ನು ಹಾಕಿದವರು ಯಾರು?

ಉತ್ತರ ಅಡಿಗೆಮನೆಯ ಬಾಗಿಲಿನಿಂದ ಬಂತು. “ಅದಾ? ಅದನ್ನ ನಿಮ್ಮ ಕಾಕಾನ ಹಾಕಿದ್ರಲ್ಲೋ. ನೀವಿಬ್ಬರೂ ಹುಟ್ಟಿದ್ದಿಲ್ಲ. ರಾತ್ರಿ ಹನ್ನೊಂದರ ತನಕಾ ನಾ ಬ್ಯಾಟ್ರಿ ಹಿಡಕೊಂಡು ನಿಂತಿದ್ದೆ. ಥಂಡಿಗೆ ಕೈ ಮರಗಟ್ಟಿದ್ದವು. ಆ ಶಾಕ್ ಅಂತೀರಲ್ಲಾ, ಅವನ್ನರ ಎಷ್ಟು ಸಲ ಬದಲ ಮಾಡ್ಯಾರೋ! ಅವರಿಗೆ ಗಾಡಿ ಹಂಗ ಇಡೋದು ಗೊತ್ತ ಇದ್ದಿಲ್ಲ. ಏನರ ಮಾಡಕೋತ ಇರತಿದ್ರು.”

ಕಿರಿಯವ ಬಹಳ ಹೊತ್ತು ಆ ಉಕ್ಕಿನ ಮೇಲೆ ಕೈಯಿಟ್ಟು ನಿಂತ. ಆಮೇಲೆ ಸಣ್ಣ ದನಿಯಲ್ಲಿ, “ಹಂಗಾದ್ರ ಅಣ್ಣಗ ಫೋನ್ ಹಚ್ಚತೇನಿ” ಎಂದು ಒಳಗೆ ಹೋದ. ಇಲ್ಲಿ ‘ಅಣ್ಣ’ ಎಂದರೆ ನಾನಲ್ಲ. ಆ ಫೋನು ಒಂದೂವರೆ ತಾಸು ನಡೆಯಿತು. ಕಾಕು ಚಹಾ ಮಾಡಿ ನನ್ನ ಕೈಗೆ ಕೊಟ್ಟು, ಏನೂ ಮಾತಾಡದೆ ಸೆರಗಿನಿಂದ ಕಣ್ಣೊರಸಿಕೊಂಡಳು.

ಕೆಲಸ ಎರಡು ವಾರಾಂತ್ಯ ಹಿಡಿಯಿತು. ಮಸ್ಟ್ಯಾಂಗಿನ ಮುಂದಿನ ಸ್ಪ್ರಿಂಗು ಮೇಲಿನ ತೋಳಿನ ಮೇಲೆ ಒತ್ತಿ ಕೂತಿರುತ್ತದೆ. ಅದನ್ನು ತೆಗೆಯುವುದು ಹಾವಿನ ಬಾಯಿಗೆ ಕೈ ಹಾಕಿದಂತೆ. ಸರಿಯಾದ ಅದುಮುವ ಸಾಧನವಿಲ್ಲದೆ ಕೈ ಹಾಕಿದರೆ ಸಿಡಿದು ಪ್ರಾಣ ತೆಗೆಯಬಲ್ಲದು. ಅದನ್ನು ಹಿರಿಯರಿಗೆ ಬಿಟ್ಟು ನಾವು ದೂರ ನಿಂತೆವು. ಬಿಚ್ಚಿದಾಗ ರೋಗದ ಮೂಲ ಕಂಡಿತು. ಕೆಳಗಿನ ತೋಳನ್ನು ಮುಂದಕ್ಕೆ ಹಿಂದಕ್ಕೆ ಸರಿಯದಂತೆ ಹಿಡಿಯುವ ಸರಳಿನ ತುದಿಯ ರಬ್ಬರುಗಳು ಒಣಗಿದ ಹುಣಸೆಹಣ್ಣಿನಂತಾಗಿದ್ದವು. ಕಾರು ವಾಲಾಡುವುದಕ್ಕೆ, ಬ್ರೇಕಿನಲ್ಲಿ ಎಳೆಯುವುದಕ್ಕೆ ಇದೇ ಕಾರಣ. ಕಿರುಗುಟ್ಟುತ್ತಿದ್ದದ್ದು ಮೇಲಿನ ತೋಳಿನ ಒಣಗಿದ ಬುಶ್ಶು. ಇವನ್ನೆಲ್ಲ ಬದಲಿಸಿದೆವು. ಪಾಲಿಯುರಿಥೇನ್ ಎಂಬ ಗಟ್ಟಿ ವಸ್ತುವಿನ ಬುಶ್ಶು ಹಾಕೋಣವೆಂದು ಹಿರಿಯವನ ಸಲಹೆಯಿತ್ತು. ಅದು ಬಾಳಿಕೆ ಬರುತ್ತದೆ, ತಿರುವಿನಲ್ಲಿ ಬಿಗಿ. ಆದರೆ ರಸ್ತೆಯ ಅದುರನ್ನೆಲ್ಲ ಒಳಗೆ ಬಿಡುತ್ತದೆ. ಮತ್ತೆ ಕಾಕುವಿನ ಅಂಕಣ ನೋಡಿ ರಬ್ಬರನ್ನೇ ಆರಿಸಿದೆವು. ಬಿಗುವು ಹೊಂದಿಸಬಹುದಾದ ಡ್ಯಾಂಪರು ತಂದು ಅತ್ಯಂತ ಮೃದು ಹಂತದಲ್ಲಿ ಇಟ್ಟೆವು. ಮುಂದೆ ಒಂದು ಇಂಚಿನ ಅಡ್ಡಸರಳು ಬಂತು. ಸ್ಪ್ರಿಂಗು ನಾಲ್ಕೂ ಹಳೆ ಅಳತೆಯವೇ.

ತೂತು ಕೊರೆದವನು ಕಿರಿಯವ. ಅಚ್ಚುತಗಡಿನ ಅಳತೆಯನ್ನು ಮೂರು ಸಲ ತಾಳೆ ನೋಡಿದವನು ನಾನು.

ಕೊನೆಗೆ ಟಯರು ಮತ್ತು ಗಾಲಿಯ ಕೋನ. 1966ರ ಕಾರುಗಳು ಅಡ್ಡನೇಯ್ಗೆಯ ಹಳೆ ಟಯರಿಗಾಗಿ ಮಾಡಿದವು. ಇಂದಿನ ರೇಡಿಯಲ್ ಟಯರಿಗೆ ಆ ಕಾಲದ ಕೋನಗಳು ಹೊಂದುವುದಿಲ್ಲ. ಗಾಲಿಯ ತಲೆ ಅರ್ಧ ಡಿಗ್ರಿ ಒಳಕ್ಕೆ, ಗಾಲಿ ತಿರುಗುವ ಅಕ್ಷ ಎರಡೂವರೆ ಡಿಗ್ರಿ ಹಿಂದಕ್ಕೆ ಎಂದು ಬರೆದುಕೊಟ್ಟು ಯಂತ್ರದ ಮೇಲೆ ಹೊಂದಿಸಿಕೊಂಡು ಬಂದೆವು. ಕಾರು ಬಾಣದಂತೆ ನೇರವಾಗಿ ಓಡಿತು.

ಆಗಸ್ಟ್ 19, ಶನಿವಾರ. ಹಿರಿಯವ ಗುರುವಾರವೇ ಬಂದಿದ್ದ. ಅಣ್ಣ ತಮ್ಮ ಇಬ್ಬರೂ ಗ್ಯಾರೇಜಿನಲ್ಲಿ ರಾತ್ರಿ ಎರಡು ಗಂಟೆಯವರೆಗೆ ಕಾರು ಉಜ್ಜಿದರೋ ಮಾತಾಡಿದರೋ ನನಗೆ ತಿಳಿಯದು. ಹಿರಿಯವ ಸ್ಟಿಯರಿಂಗಿಗೆ, ಪಕ್ಕದಲ್ಲಿ ಇಳಕಲ್ ಸೀರೆಯುಟ್ಟ ಕಾಕು, ಬೆನ್ನಿಗೊಂದು ತಲೆದಿಂಬು. ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನಾನೂ ಕಿರಿಯವನೂ. ಮಿಶಿಗನ್ನಿನ ರಸ್ತೆಗಳು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಬಿರಿದು, ಬೇಸಿಗೆಗೆ ನಮ್ಮ ಊರಿನ ರಸ್ತೆಗಳನ್ನೇ ಹೋಲುತ್ತವೆ. ಮನೆಯ ಹತ್ತಿರವೇ ದೊಡ್ಡದೊಂದು ತಗ್ಗು ಬಂತು. ಹಿರಿಯವ ತಪ್ಪಿಸಲು ಸಾಧ್ಯವಾಗಲಿಲ್ಲ. ಮೂವರೂ ಉಸಿರು ಹಿಡಿದೆವು. ಕಾಕು ಕಿಟಕಿಯ ಹೊರಗೆ ನೋಡುತ್ತ, “ಯಾಕ ಎಲ್ಲಾರೂ ಸುಮ್ಮನಾದ್ರಿ?” ಎಂದು ಕೇಳಿದಳು. ತಗ್ಗು ದಾಟಿದ್ದು ಆಕೆಗೆ ಗೊತ್ತೇ ಆಗಿರಲಿಲ್ಲ.

ವುಡ್‌ವರ್ಡಿನಲ್ಲಿ ಮೂರು ತಾಸು ಇದ್ದೆವು. ಕುರ್ಚಿ ಹಾಕಿ ಕೂತ ಜನ ಕೈಬೀಸಿದರೆ ಕಾಕು ಎರಡೂ ಕೈ ಜೋಡಿಸುತ್ತಿದ್ದಳು. ಒಂದು ಕಡೆ ಕಾರು ನಿಲ್ಲಿಸಿ, “ಇಲ್ಲೆ ಕೂತು ನಾವಿಬ್ಬರೂ ಐಸ್‌ಕ್ರೀಮ್ ತಿಂತಿದ್ವಿ” ಎಂದಳು. ನಾಲ್ವರೂ ಅಲ್ಲಿ ಐಸ್‌ಕ್ರೀಮ್ ತಿಂದೆವು. ಹೆಚ್ಚು ಮಾತಾಗಲಿಲ್ಲ.

ನಮ್ಮ ಸಂಘದ ಸದಸ್ಯರಲ್ಲಿಯೂ ಹಳೆಯ ಫಿಯೆಟ್, ಅಂಬಾಸಿಡರ್, ಜೀಪು ಇಟ್ಟುಕೊಂಡವರಿದ್ದಾರೆ. ಅವರ ಮಕ್ಕಳಿಗೆ ಅದನ್ನು ‘ಸುಧಾರಿಸುವ’ ಹುಮ್ಮಸ್ಸೂ ಇದೆ. ಅವರಿಗಾಗಿ ಎರಡು ಮಾತು. ಹಣ ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಸವೆದ ಬುಶ್ಶು ಮತ್ತು ಕೀಲು, ಆಮೇಲೆ ಟಯರು, ಆಮೇಲೆ ಡ್ಯಾಂಪರು, ಆಮೇಲೆ ಗಾಲಿಯ ಕೋನ, ಆಮೇಲೆ ಅಡ್ಡಸರಳು. ಸ್ಪ್ರಿಂಗಿನ ಸುದ್ದಿ ಕೊನೆಗೆ. ಬಹಳ ಸಲ ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು, ನಮ್ಮ ದೇಶದಲ್ಲಿ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2021ರ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಯನ್ನು ‘ವಿಂಟೇಜ್’ ಎಂದು ನೋಂದಾಯಿಸಬೇಕಾದರೂ ಅದು ಮೂಲ ರೂಪದಲ್ಲಿರಬೇಕು. ಆದ್ದರಿಂದ ಗ್ಯಾರೇಜಿಗೆ ಹೋಗುವ ಮೊದಲು ಆರ್.ಟಿ.ಒ. ಕಚೇರಿಯ ಕಾರಕೂನನನ್ನು ಕಾಣುವುದು ಒಳ್ಳೆಯದು. ಜಾತಿಬಂಧುವೆಂದು ಹೇಳುತ್ತಿಲ್ಲ, ಅವನಿಗೆ ನಿಜವಾಗಿ ಗೊತ್ತಿರುತ್ತದೆ.

ಮಸ್ಟ್ಯಾಂಗಿನ ಕಡತ ಮಾತ್ರ ಇನ್ನೂ ಮುಚ್ಚಿಲ್ಲ. ಆ ಕಾರಿನ ನಾಲ್ಕೂ ಗಾಲಿಗೆ ಹಳೆಯ ಡ್ರಮ್ ಬ್ರೇಕುಗಳಿವೆ. ಮುಂದಿನ ಎರಡಕ್ಕೆ ಡಿಸ್ಕ್ ಬ್ರೇಕು ಹಾಕಬೇಕೋ ಬೇಡವೋ ಎಂಬ ಪ್ರಸ್ತಾವ ಮೊನ್ನೆ ನನ್ನ ಮೇಜಿಗೆ ಬಂದಿದೆ. ಜೊತೆಗೆ ತುಲನಾತ್ಮಕ ತಖ್ತೆಯನ್ನೂ ಅವರೇ ಮಾಡಿ ಕಳಿಸಿದ್ದಾರೆ. ಐದು ಅಂಕಣಗಳಲ್ಲಿ ಮೊದಲನೆಯದಕ್ಕೆ ‘ಅಮ್ಮನ ಬೆನ್ನು’ ಎಂದು ಹೆಸರಿದೆ. ಕೆಳಗೆ ಇಬ್ಬರ ಸಹಿಯೂ ಇದೆ.